ತಿನ್ನೂ ಎಣ್ಣಿ, ಹಚ್ಚೂ ಎಣ್ಣಿ

ಪ್ರಶ್ನೆ: ಅಕ್ಕಾರ ನಮಸ್ಕಾರ. ನಮ್ದು ಬಸವನ ಬಾಗೇವಾಡಿ ಹತ್ರ ಒಂದ್ ಹಳ್ಳಿ, ನನಗ 41 ವರ್ಷ. ಥಂಡಿ ಶುರು ಆತಂದ್ರ ಮೊಳಕಾಲ ಕೆಳಗ ತೊಗಲು ಬೂದಿ ಬಳಕೊಂಡಂಗ ಆಗ್ತದ, ಕೆರಕೊಂಡ್ರ ಬಿಳಿ ಗೆರಿ ಬೀಳ್ತಾವ, ಹಿಮ್ಮಡ ಒಡದು ಸೀರಿ ಅಂಚು ಸಿಕ್ಕೊಳ್ತದ. ಕ್ರೀಮಿಗೆ ರೊಕ್ಕ ಹಾಕಿ ಹಾಕಿ ಸಾಕಾಗ್ಯದ. ದಪ್ಪ ಆಗೀನಿ ಅಂತ ಒಂದ್ ವರ್ಷದಿಂದ ಅಡಗಿಗೆ ಎಣ್ಣಿನೂ ಹಾಕ್ಕೊಳ್ಳಂಗಿಲ್ಲ. ನಮ್ಮತ್ತಿ ಕುಸುಬಿ ಎಣ್ಣಿ ತಿನ್ನು ಅಂತಾರ, ಮಗಳು ಮೊಬೈಲ್ ನೋಡಿ ಆಲಿವ್ ಆಯಿಲ್ ಹಚ್ಚು ಅಂತಾಳ. ಯಾರ ಮಾತು ಕೇಳ್ಲಿ?

ಉತ್ತರ: ಅತ್ತಿ ಮಾತು ಕೇಳ್ರಿ. (ಅತ್ತಿ ಪರ ಬರದಾಳ ಅಂತ ಎಷ್ಟ್ ಮಂದಿ ಸೊಸ್ತ್ಯಾರು ಬೈತಾರೋ, ಬೈಲಿ.)

ಮ್ಯಾಳಗಿ ಮನಿ ನೋಡೀರಲ್ಲ, ಮಳಿಗಾಲಕ್ಕ ಮುಂಚೆ ಮ್ಯಾಲ ಮಣ್ಣು ಹಾಕಿ ಬಡೀಲಿಲ್ಲ ಅಂದ್ರ ಬಿರುಕು ಬಿಟ್ಟು ಸೋರ್ತೈತಿ, ತೊಗಲೂ ಹಂಗ, ಬರೇ ಇಲ್ಲಿ ನೀರು ಒಳಗ ಬರೂದಿಲ್ಲ, ಒಳಗಿಂದು ಹೊರಗ ಹೋಗ್ತೈತಿ ಅಷ್ಟ. ಆ ಬಿರುಕು ಮುಚ್ಚೂದು ತೊಗಲಿನಾಗಿನ ಜಿಡ್ಡು. ಅದಕ್ಕ ಲಿನೋಲಿಕ್ ಆಸಿಡ್ ಅನ್ನೂದು ಬೇಕ ಬೇಕು, ಅದನ್ನ ನಮ್ಮ ಮೈ ತಾನಾಗಿ ತಯಾರು ಮಾಡೂದಿಲ್ಲ, ಊಟದಾಗ ಬರಬೇಕು. ನಮ್ಮ ಕುಸುಬಿ ಎಣ್ಣ್ಯಾಗ ಅದು ನೂರಕ್ಕ 70ರ ಮ್ಯಾಲ ಐತಿ. ನಿಮ್ಮ ಎರಿ ಹೊಲದಾಗ ದನ ನುಗ್ಗಬಾರದು ಅಂತ ಜ್ವಾಳದ ಸುತ್ತ ಸಾಲು ಹಾಕ್ತಿದ್ರಲ್ಲ, ಅದ ಮುಳ್ಳಿನ ಕುಸುಬಿ. ಸೂರಿಪಾನ (ಸೂರ್ಯಕಾಂತಿ) ಬಂದ ಮ್ಯಾಲ ಅದನ್ನ ಕೇಳವ್ರ ಕಡಿಮಿ ಆದ್ರು.

ಹಂಗಂತ ಎಣ್ಣಿ ಬಿಟ್ಟದ್ದೊಂದ ಕಾರಣ ಅಂತ ನಾ ಹೇಳೂದಿಲ್ಲ, ಜ್ವಾಳ ಶೇಂಗಾದಾಗೂ ಒಂದಿಷ್ಟು ಜಿಡ್ಡು ಇರ್ತೈತಿ. ಸುಡು ಸುಡು ನೀರು ಹೊಯ್ಕೊಂಡು ಸಾಬೂನು ತಿಕ್ಕೂದು ಅದಕ್ಕಿಂತ ದೊಡ್ಡ ಕಾರಣ. ದಪ್ಪ ಆಗೂದು, ತೊಗಲು ಒಣಗೂದು ಎರಡೂ ಕೂಡಿ ಬಂದಾವಲ್ಲ, ಒಮ್ಮೆ ಥೈರಾಯ್ಡ್ ಟೆಸ್ಟ್ ಮಾಡಿಸಿ ಬಿಡ್ರಿ.

ತಿನ್ನೂದು ಹೆಂಗಂದ್ರ, ಅಗಸಿ ಚಟಪಟ ಅನ್ನೂ ತನಕ ಹುರೀರಿ, ಖಾರ, ಬಳ್ಳೊಳ್ಳಿ, ಉಪ್ಪು, ಒಂಚೂರು ಹುಣಸಿಹಣ್ಣು ಹಾಕಿ ಕುಟ್ಟಿ ಹಿಂಡಿ (ಚಟ್ನಿಪುಡಿ) ಮಾಡ್ರಿ. ಇಡೀ ಅಗಸಿ ನುಂಗಿದ್ರ ಹೆಂಗ ಹೋತೋ ಹಂಗ ಹೊರಗ ಬರ್ತೈತಿ, ಕುಟ್ಟಬೇಕು. ಒಮ್ಮೆಲೆ ಡಬ್ಬಿ ತುಂಬ ಮಾಡಬ್ಯಾಡ್ರಿ, ಅಗಸಿ ಎಣ್ಣಿ ಲಗೂನ ಕಮಟು ಹಿಡೀತೈತಿ, ಹದಿನೈದು ದಿನಕ್ಕಾಗೂವಷ್ಟ ಸಾಕು. ತಾಟಿನಾಗ ಹಿಂಡಿ ಹಾಕಿ ನಡುವ ಬೆರಳಿನಿಂದ ಕುಣಿ ಮಾಡಿ ಅದರಾಗ ಒಂದ್ ಚಮಚ ಹಸೀ ಕುಸುಬಿ ಎಣ್ಣಿ, ಬಾಜೂಕ ಹಸೀ ಮೆಂತ್ಯಾ ಸೊಪ್ಪು, ಬಿಸಿ ರೊಟ್ಟಿ. ಸೊಪ್ಪಿನಾಗಿನ ಕ್ಯಾರೊಟಿನ್ (ಮೈಯಾಗ ಎ ವಿಟಮಿನ್ ಆಗೂ ಅಂಶ) ಮೈಗೆ ಹತ್ತಾಕ ಎಣ್ಣಿ ಬೇಕು, ಬರೇ ಸೊಪ್ಪು ತಿಂದ್ರ ಅರ್ಧ ದಂಡ.

ಲೆಕ್ಕ ಮಾತ್ರ ಇರಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಾಗ ಹೇಳಿದ ಪ್ರಕಾರ 2000 ಕ್ಯಾಲರಿ ಊಟಕ್ಕ ಎಣ್ಣಿ ತುಪ್ಪ ಎಲ್ಲಾ ಕೂಡಿ ದಿನಕ್ಕ 27 ಗ್ರಾಂ, ಅಂದ್ರ ಒಬ್ಬರಿಗೆ ತಿಂಗಳಿಗೆ ಒಂದ್ ಲೀಟರಿನ ಒಳಗ. ಮಿರ್ಚಿ ಭಜಿ ಕರ್ಯಾಕ ಕುಸುಬಿ ಬ್ಯಾಡ, ಹೆಚ್ಚು ಕಾಸಿದ್ರ ಕೆಡ್ತೈತಿ, ಅದಕ್ಕ ಶೇಂಗಾ ಎಣ್ಣಿ ಛಲೋ.

ಇನ್ನ ಮಗಳ ಆಲಿವ್ ಆಯಿಲ್. ಊಟಕ್ಕ ಅಡ್ಡಿ ಇಲ್ಲ, ತೊಗಲಿಗೆ ಬ್ಯಾಡ. ಅದರಾಗ ಓಲಿಕ್ ಆಸಿಡ್ ಅನ್ನೂ ಬ್ಯಾರೆ ಜಿಡ್ಡು ಭಾಳ, ಅದು ಒಣ ತೊಗಲನ್ನ ಇನ್ನಷ್ಟು ಸಡಲ ಮಾಡ್ತೈತಿ. ಕೊಬ್ಬರಿ ಎಣ್ಣಿ ಸಾಕು, ಆದ್ರ ಒಣಾ ಮೈಗೆ ಹಚ್ಚಬ್ಯಾಡ್ರಿ, ಎಣ್ಣ್ಯಾಗ ನೀರು ಇರೂದಿಲ್ಲ, ಇದ್ದ ನೀರು ಹಿಡದು ಇಡ್ತೈತಿ ಅಷ್ಟ, ಹಿಂಗಾಗಿ ಜಳಕ ಮಾಡಿ ಮೈ ಇನ್ನೂ ಹಸಿ ಇದ್ದಾಗನ ಹಚ್ಚಬೇಕು. ಹಿಮ್ಮಡಕ್ಕ ಕೋಕಮ್ ಎಣ್ಣಿ, ಬೆಳಗಾವಿ ಪ್ಯಾಟ್ಯಾಗ ಸಿಗ್ತೈತಿ, ಎಣ್ಣಿ ಅಂತ ಹೆಸರು ಖರೆ ಆದ್ರ ಬಿಳಿ ಉಂಡಿ, ಮೇಣದಂಗ ಗಟ್ಟಿ. ಉಗುರು ಬೆಚ್ಚಗಿನ ನೀರಾಗ ಹದಿನೈದು ನಿಮಿಷ ಕಾಲು ಇಟ್ಟು, ಒರಸಿ, ಉಂಡಿ ಕೆಂಡದ ಹತ್ರ ಒಂಚೂರು ಹಿಡದು ಕರಗಿದ್ದನ್ನ ಬಿರುಕಿನಾಗ ತುಂಬಿ ಕಾಲಚೀಲ ಹಾಕ್ಕೊಂಡು ಮಲಗ್ರಿ. ಆರಿದ ಮ್ಯಾಲ ಹಚ್ರಿ ಮತ್ತ, ಸುಟ್ಕೋಬ್ಯಾಡ್ರಿ. ಸಕ್ಕರಿ ಕಾಯಿಲೆ ಇದ್ದವ್ರು ಇದನ್ನೆಲ್ಲಾ ಮಾಡೂದು ಬ್ಯಾಡ, ಕಾಲಿಗೆ ಬಿಸಿ ಗೊತ್ತಾಗೂದಿಲ್ಲ, ಡಾಕ್ಟರಿಗೆ ತೋರಸ್ರಿ.

ಪ್ರಶ್ನೆ: ಮಾರಿ ಮ್ಯಾಲ ಮೊಡವಿ. ಲಿಂಬಿಹಣ್ಣು, ಅರಿಶಿಣ ಹಚ್ಚಿ, ರಾತ್ರಿ ಕೊಬ್ಬರಿ ಎಣ್ಣಿ ಹಚ್ಲೇನ್ರಿ? (ಕಾಲೇಜ್ ಹುಡುಗಿ, ಗೋಕಾಕ)

ಉತ್ತರ: ಎರಡೂ ಬ್ಯಾಡ ತಂಗಿ. ಲಿಂಬಿ ರಸ ಹಚ್ಕೊಂಡು ಬಿಸಲಾಗ ಹೋದ್ರ ತೊಗಲು ಸುಟ್ಟು ಕರೀ ಕಲಿ ಉಳೀತಾವ, ತಿಂಗಳಗಟ್ಟಲೆ ಹೋಗೂದಿಲ್ಲ. ಮ್ಯಾಲೆ ಕಾಲಿಗೆ ಹಚ್ಚು ಅಂದ ಕೊಬ್ಬರಿ ಎಣ್ಣಿನ ಮಾರಿಗೆ ಹಚ್ಚಿದ್ರ ರಂಧ್ರ ಮುಚ್ಚಿ ಮೊಡವಿ ಜಾಸ್ತಿ ಆಗ್ತಾವ. ದಿನಕ್ಕ ಎರಡು ಸಲ ಮಾರಿ ತೊಳಿ, ಚಿವುಟಬ್ಯಾಡ.

ಪ್ರಶ್ನೆ: ಜಮಖಂಡಿ ನನ್ನ ತವರುಮನಿ, ಬಾಣಂತನಕ್ಕ ಬಂದೇನಿ. ಕೂಸಿಗೆ 20 ದಿನ. ಎರ್ಯಾಕ ಬರೂ ಅಜ್ಜಿ ದಿನಾ ಮೂಗಿನಾಗ, ಕಿವ್ಯಾಗ ಎರಡೆರಡು ಹನಿ ಎಣ್ಣಿ ಬಿಡ್ತಾಳ. ಬ್ಯಾಡ ಅಂದ್ರ ನಮ್ಮವ್ವ, ನೀನೂ ಹಿಂಗ ಬೆಳದಾಕಿ ಅಂತಾಳ.

ಉತ್ತರ: ಯವ್ವಾ, ಇವತ್ತ ನಿಲ್ಲಸು. ನೀರು ಹೋದ್ರ ಕೂಸು ಕೆಮ್ಮಿ ಹೊರಗ ಹಾಕ್ತೈತಿ, ಎಣ್ಣಿ ಹಂಗಲ್ಲ, ಕೆಮ್ಮು ಬರದಂಗ ಸಪ್ಪಳಿಲ್ಲದ ಜಾರಿ ಪುಪ್ಪುಸಕ್ಕ ಇಳೀತೈತಿ, ಅಲ್ಲಿ ಕರಗೂದಿಲ್ಲ, ನ್ಯುಮೋನಿಯಾ ತರ್ತೈತಿ. ನಮ್ಮ ಅಕ್ಕನ ಮೊಮ್ಮಗ ಹಿಂಗಾಗಿ ಹನ್ನೊಂದು ದಿನ ದವಾಖಾನ್ಯಾಗ ಇದ್ದ, ನಾನೂ ಆಗ ಆ ಮನ್ಯಾಗ ಇದ್ದೆ, ಅಜ್ಜಿ ಎಣ್ಣಿ ಬಿಡೂದು ಕಣ್ಣಾರೆ ನೋಡಿ ಸುಮ್ನ ಕುಂತಾಕಿ ನಾನು, ಅದಕ್ಕ ಇಷ್ಟು ಜೋರ ಬರ್ಯಾಕತ್ತೇನಿ. ಕಿವಿಗೂ ಬ್ಯಾಡ. ಮೈಗೆ ಎಣ್ಣಿ ತಿಕ್ಕೂದು ಬ್ಯಾಡ ಅನ್ನಬ್ಯಾಡ, ಅದು ಅಜ್ಜಿ ಕೆಲಸ, ಛಲೋ ಮಾಡ್ತಾಳ. ಜಗಳಾ ಆಡೂಕಿಂತ, "ಅಜ್ಜಿ, ಡಾಕ್ಟರ್ ನನ್ನ ಮ್ಯಾಲ ಸಿಟ್ಟಾಗ್ಯಾರ" ಅಂತ ಡಾಕ್ಟರ್ ಮ್ಯಾಲ ಹಾಕು, ಪಾಪ ಅವ್ರೇನು ಕೇಳ್ಯಾಕ ಬರೂದಿಲ್ಲ. ಕೂಸು ಮಲಗಿದಾಗ ಉಸಿರು ಎಣಿಸು, ನಿಮಿಷಕ್ಕ 60 ಅಥವಾ ಹೆಚ್ಚಾದ್ರ, ಇಲ್ಲಾ ಎದಿ ಒಳಗ ಜಗ್ಗಿದ್ರ, ಹಾಲು ಬಿಟ್ರ, ರಾತ್ರಿ ಆದ್ರೂ ಹೊರಡು, ಮತ್ತ ಮೂಗಿಗೆ ಎಣ್ಣಿ ಬಿಟ್ಟದ್ದನ್ನ ನೀನ ಬಾಯಿ ಬಿಟ್ಟು ಹೇಳು, ಕೇಳದ ಇದ್ರೂ ಹೇಳು.