ಮನೆಯ ಕಂತು ಒಂದು, ರಸ್ತೆಯ ಕಂತು ಇನ್ನೊಂದು

ಬಳ್ಳಾರಿಯ ಸಿರುಗುಪ್ಪ ರಸ್ತೆ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"2023ರಲ್ಲಿ 22 ಲಕ್ಷ ಸಾಲ ಮಾಡಿ ಮನೆ ತಗೊಂಡೆವು. 20 ವರ್ಷದ ಸಾಲ, ಬಡ್ಡಿ 8.5. ಕಂತು 19,092 ರೂಪಾಯಿ. ಎರಡು ವರ್ಷದಲ್ಲಿ ನಾಲ್ಕೂವರೆ ಲಕ್ಷದ ಮೇಲೆ ಕಟ್ಟಿದ್ದೇವೆ. ಬಾಕಿ ನೋಡಿದರೆ 21 ಲಕ್ಷಕ್ಕೂ ಮೇಲಿದೆ! ಬ್ಯಾಂಕಿನವರು ಮೋಸ ಮಾಡ್ತಿದ್ದಾರಾ? ಯಜಮಾನರಿಗೆ ತೋರಣಗಲ್ಲಿನಲ್ಲಿ ಕೆಲಸ, ಸಂಬಳ 44 ಸಾವಿರ. ನಾನು ಖಾಸಗಿ ಶಾಲೆಯಲ್ಲಿ ಟೀಚರ್, 13 ಸಾವಿರ. ಆದರೂ 20ನೇ ತಾರೀಕಿಗೆ ಕೈ ಖಾಲಿ. ಪ್ರತಿ ಜೂನ್‌ನಲ್ಲಿ ಬಳೆ ಅಡ ಇಡ್ತೇವೆ. ಬಂಗಾರ ಮಾರಿ ಸಾಲಕ್ಕೆ ಕಟ್ಟೋಣ ಅಂತ ಯಜಮಾನರು ಹೇಳ್ತಾರೆ. ಇಲ್ಲಾಂದ್ರೆ ತೋರಣಗಲ್ಲಿಗೇ ಹೋಗಿ ಬಾಡಿಗೆಗೆ ಇರೋಣ ಅಂತಾರೆ. ಸಾಲ ಬೇಗ ತೀರಿಸಬೇಡಿ, ಟ್ಯಾಕ್ಸ್ ಉಳಿಯುತ್ತೆ ಅಂತ ಭಾವ ಹೇಳ್ತಾರೆ. ಯಾರ ಮಾತು ಕೇಳಲಿ?"

ಖರ್ಚಿನ ಪಟ್ಟಿಯನ್ನೂ ಸಾಲದ ಸ್ಟೇಟ್‌ಮೆಂಟನ್ನೂ ಜೊತೆಗೆ ಕಳಿಸಿದ್ದೀರಿ. ಹಾಗೆ ಕಳಿಸುವವರು ಕಡಿಮೆ. ಅದಕ್ಕೇ ಈ ಸಲ ಉತ್ತರ ಉದ್ದ ಆಗಿದೆ.

ಮೊದಲು ಮೋಸದ ಪ್ರಶ್ನೆ. ಮೋಸ ಆಗಿಲ್ಲ. ಬಡ್ಡಿ ಹಾಕುವುದು ಉಳಿದ ಬಾಕಿಯ ಮೇಲೆ. 22 ಲಕ್ಷಕ್ಕೆ 8.5ರಂತೆ ಮೊದಲ ತಿಂಗಳ ಬಡ್ಡಿಯೇ 15,583 ರೂಪಾಯಿ. ನೀವು ಕಟ್ಟಿದ 19,092ರಲ್ಲಿ ಅಸಲಿಗೆ ಹೋಗಿದ್ದು 3,509 ಮಾತ್ರ. ಪ್ರತಿ ತಿಂಗಳು ಬಡ್ಡಿಗೆ ಹೋಗುವುದು ಸ್ವಲ್ಪ ಇಳಿಯುತ್ತದೆ, ಅಸಲಿಗೆ ಹೋಗುವುದು ಸ್ವಲ್ಪ ಏರುತ್ತದೆ. ಎರಡು ವರ್ಷದಲ್ಲಿ ಕಟ್ಟಿದ್ದು 4,58,208, ಅಸಲು ಕರಗಿದ್ದು ಸುಮಾರು 91 ಸಾವಿರ. ಸ್ಟೇಟ್‌ಮೆಂಟ್‌ನಲ್ಲೂ ಅಷ್ಟೇ ಇದೆ, ತಾಳೆ ನೋಡಿದೆ. ಹೊಟ್ಟೆ ಉರಿಯುತ್ತೆ ನಿಜ, ಲೆಕ್ಕ ಮಾತ್ರ ಸರಿಯಾಗಿದೆ.

ಇದೇ ಲೆಕ್ಕ ನಿಮ್ಮ ಕಡೆಗೂ ತಿರುಗುತ್ತದೆ. ಮೊದಲ ವರ್ಷಗಳಲ್ಲಿ ಅಸಲಿಗೆ ಜಾಸ್ತಿ ಕಟ್ಟಿದ ಒಂದೊಂದು ರೂಪಾಯಿಯೂ ಮುಂದಿನ ಎಷ್ಟೋ ವರ್ಷಗಳ ಬಡ್ಡಿಯನ್ನು ತಪ್ಪಿಸುತ್ತದೆ. ಈಗಿನಿಂದ ತಿಂಗಳಿಗೆ 5 ಸಾವಿರ ಜಾಸ್ತಿ ಕಟ್ಟಿದರೆ ಉಳಿದ 216 ಕಂತು ಸುಮಾರು 137ಕ್ಕೆ ಇಳಿಯುತ್ತವೆ. ಅಂದರೆ ಆರೂವರೆ ವರ್ಷ ಮೊದಲೇ ಮುಗಿಯುತ್ತದೆ. ಬಡ್ಡಿಯಲ್ಲಿ ಉಳಿಯುವುದು 8 ಲಕ್ಷದ ಮೇಲೆ.

ಆ 5 ಸಾವಿರ ಎಲ್ಲಿಂದ ತರೋದು ಅಂತ ಕೇಳ್ತೀರಿ. ಅದಕ್ಕೆ ನಿಮ್ಮ ಪಟ್ಟಿಯನ್ನೇ ನೋಡೋಣ.

ಮನೆ ಕಂತು 19,092. ಹೋದ ವರ್ಷ ತಗೊಂಡ ಸೆಕೆಂಡ್ ಹ್ಯಾಂಡ್ ಕಾರಿನ ಕಂತು 7,600. ಪೆಟ್ರೋಲ್ 10,400. ಕಿರಾಣಿ, ತರಕಾರಿ 9,000. ಹಾಲು 2,000. ಅತ್ತೆಯವರ ಬಿಪಿ, ಶುಗರ್ ಮಾತ್ರೆ 1,800. ಗ್ಯಾಸ್, ಫೋನ್ 2,200. ನಿಮ್ಮ ಆಟೊ 1,400. ಚೀಟಿ 3,000. ಎಲ್ಲ ಕೂಡಿದರೆ 56,492. ಬರುವುದು 57,000.

ಪಟ್ಟಿ ನೋಡಿದ ಕೂಡಲೇ ಕಿರಾಣಿ ಕಡಿಮೆ ಮಾಡಿ, ಭಾನುವಾರದ ಒಗ್ಗರಣೆ ಮಿರ್ಚಿ ಬಿಡಿ ಎಂದು ಹೇಳುವವರು ಊರ ತುಂಬ ಸಿಗುತ್ತಾರೆ. ನಾಲ್ಕು ಜನರ ಮನೆಗೆ 9 ಸಾವಿರದ ಕಿರಾಣಿ ಜಾಸ್ತಿ ಏನಲ್ಲ. ಅದರಲ್ಲಿ ಹಿಂಡಿದರೆ ಐನೂರು ಸಿಗಬಹುದು, ಮನೆಯಲ್ಲಿ ಜಗಳ ಮಾತ್ರ ಸಾವಿರದಷ್ಟು. ಕಾರಿನ ಕಂತು, ಪೆಟ್ರೋಲ್ ಎರಡನ್ನೂ ಕೂಡಿಸಿ ನೋಡಿ. 18,000. ಮನೆಯ ಕಂತಿಗೆ ಸಾವಿರ ಚಿಲ್ಲರೆ ಕಮ್ಮಿ, ಅಷ್ಟೇ. ಊರ ಹೊರಗೆ ಮನೆ ಅಗ್ಗಕ್ಕೆ ಸಿಕ್ಕಿತು ಎಂದು ಬರೆದಿದ್ದೀರಿ. ಯಜಮಾನರು ದಿನಾ ಕೆಲಸಕ್ಕೆ ಹೋಗಿ ಬರುವ ತೋರಣಗಲ್ಲಿನ ರಸ್ತೆ ಇನ್ನೊಂದು ಮನೆಯಷ್ಟೇ ಕಂತು ವಸೂಲು ಮಾಡುತ್ತಿದೆ. ಸಾಲ ಕೊಡುವವರು ಸಂಬಳದ ಚೀಟಿ ನೋಡುತ್ತಾರೆ, ಈ ಖರ್ಚನ್ನು ಯಾರೂ ಕೇಳುವುದಿಲ್ಲ.

ಕಾರು ಮಾರಿ ಬೈಕ್ ಹತ್ತಿ ಎಂದು ನಾನು ಹೇಳುವುದಿಲ್ಲ. ಬೈಕಿನಲ್ಲಾದರೆ ಲೀಟರಿಗೆ 50 ಕಿಲೋಮೀಟರ್ ಹಿಡಿದರೂ ತಿಂಗಳಿಗೆ 3 ಸಾವಿರ ಚಿಲ್ಲರೆಯಲ್ಲಿ ಮುಗಿಯುತ್ತದೆ. ಆದರೆ ಅದಿರು ಲಾರಿಗಳ ನಡುವೆ, ಏಪ್ರಿಲ್-ಮೇ ಬಿಸಿಲಲ್ಲಿ, ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಬರುವ ಮನುಷ್ಯನಿಗೆ ಆ ಉಳಿತಾಯ ಬೇಡ. ಕಾರು ತಗೊಂಡ ಕಾರಣ ಸರಿಯಾಗಿಯೇ ಇದೆ. ತೊಂದರೆ ಇರುವುದು ಆ ಕಾರಿನಲ್ಲಿ ದಿನಾ ಒಬ್ಬರೇ ಹೋಗುವುದರಲ್ಲಿ.

ಒಂದೇ ಪಾಳಿಯಲ್ಲಿ ಕಂಟೋನ್ಮೆಂಟ್ ಕಡೆಯವರು, ಗಾಂಧಿನಗರದವರು ಮೂರು ಜನ ಇದ್ದಾರೆ, ಅವರೂ ಕಾರಿನಲ್ಲೇ ಬರ್ತಾರೆ ಎಂದು ನೀವೇ ಬರೆದಿದ್ದೀರಿ. ನಾಲ್ಕು ಜನ, ನಾಲ್ಕು ಕಾರು, ಒಂದೇ ರಸ್ತೆ! ವಾರಕ್ಕೊಬ್ಬರ ಕಾರು ಅಂತ ಮಾಡಿಕೊಳ್ಳಿ. ನಿಮ್ಮ ಪೆಟ್ರೋಲ್ 10,400ರಿಂದ ಸುಮಾರು 2,600ಕ್ಕೆ ಇಳಿಯುತ್ತದೆ. ಟೈರು, ಸರ್ವಿಸ್ ಸವೆಯುವುದೂ ಕಡಿಮೆ. ಒಂದು ಎಚ್ಚರ. ಸರದಿ ಮೇಲೆ ಹೋಗುವುದು ಬೇರೆ, ತಲೆಗಿಷ್ಟು ಅಂತ ಬಾಡಿಗೆ ವಸೂಲು ಮಾಡುವುದು ಬೇರೆ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ, ಅಪಘಾತವಾದರೆ ವಿಮೆಯವರು ಅದನ್ನೇ ಹಿಡಿದು ತಕರಾರು ತೆಗೆಯುತ್ತಾರೆ. ಬಳ್ಳಾರಿ-ಹೊಸಪೇಟೆ ನಡುವಿನ ರೈಲು ತೋರಣಗಲ್ಲಿನಲ್ಲಿ ನಿಲ್ಲುತ್ತದೆ, ತಿಂಗಳ ಪಾಸು ಪೆಟ್ರೋಲಿಗೆ ಹೋಲಿಸಿದರೆ ಏನೂ ಅಲ್ಲ. ಪಾಳಿಯ ಹೊತ್ತಿಗೆ ರೈಲು ಕೂಡಿ ಬರುವುದೇ ಕಷ್ಟ. ಜನರಲ್ ಪಾಳಿ ಇರುವ ವಾರವಾದರೂ ನೋಡಬಹುದು.

ನಿಮ್ಮ ಆಟೊ ಖರ್ಚು. 2023ರ ಜೂನ್ 11ರಿಂದ ಹೆಂಗಸರಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಬಸ್ ಶಾಲೆಯ ಟೈಮಿಗೆ ಸಿಗಲ್ಲ ಎಂದಿದ್ದೀರಿ. ಬೆಳಿಗ್ಗೆ ಆಟೊ, ಸಂಜೆ ಬಸ್ ಅಂತ ಮಾಡಿದರೂ 700 ಉಳಿಯಿತು. ಇಲ್ಲಿಗೆ 8,500 ಕೈಗೆ ಬಂತು.

ಇದನ್ನು ಈಗಲೇ ಸಾಲಕ್ಕೆ ಕಟ್ಟಬೇಡಿ. ಜೂನ್‌ನಲ್ಲಿ ಬಳೆ ಯಾಕೆ ಅಡಕ್ಕೆ ಹೋಗುತ್ತವೆ? ಪಟ್ಟಿಯಲ್ಲಿ ಇಲ್ಲದ ಖರ್ಚಿನಿಂದ. ಮಗಳ ಶಾಲೆಯ ಫೀಸು 36,000, ಎಲ್ಐಸಿ 12,000, ಕಾರಿನ ವಿಮೆ 9,000, ಹಬ್ಬದ ಬಟ್ಟೆ, ಮದುವೆ ಮುಯ್ಯಿ ಎಲ್ಲ ಸೇರಿ 15,000. ಪತ್ರದ ಬೇರೆ ಬೇರೆ ಕಡೆ ಬರೆದಿದ್ದನ್ನು ನಾನು ಕೂಡಿಸಿದೆ. ವರ್ಷಕ್ಕೆ 72,000, ತಿಂಗಳಿಗೆ 6,000. ಇದು ತಿಂಗಳ ಪಟ್ಟಿಗೆ ಬರುವುದಿಲ್ಲ, ಆದರೆ ವರ್ಷಾ ವರ್ಷಾ ತಪ್ಪದೇ ಬರುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾಗುವುದು ಯಾರಿಗೂ ಆಶ್ಚರ್ಯ ಅಲ್ಲ ಅಲ್ವಾ? ಸಂಬಳ ಬಂದ ದಿನವೇ 6,000 ಬೇರೆ ಖಾತೆಗೆ ಹಾಕಿ. ಅದಕ್ಕೆ ಎಟಿಎಂ ಕಾರ್ಡು, ಫೋನ್‌ಪೇ ಯಾವುದೂ ಬೇಡ. ಆಸ್ತಿ ತೆರಿಗೆಯನ್ನು ಏಪ್ರಿಲ್ ಒಳಗೆ ಕಟ್ಟಿದರೆ ನೂರಕ್ಕೆ 5 ರಿಯಾಯಿತಿ ಇದೆ. ಅದೂ ಈ ಖಾತೆಯಿಂದಲೇ ಹೋಗಲಿ.

ಉಳಿಯುವ 2,500ರ ಜೊತೆ ಚೀಟಿಯ ದುಡ್ಡು. ಯುಗಾದಿಗೆ ಚೀಟಿ ಮುಗಿದು 60 ಸಾವಿರ ಬರುತ್ತದೆ ಎಂದಿದ್ದೀರಿ. ಅದರಲ್ಲಿ ಹೊಸ ಫ್ರಿಜ್ ಬೇಡ. ಮೂರು ತಿಂಗಳ ಕಂತಿನಷ್ಟು ಹಣ ಬ್ಯಾಂಕಿನಲ್ಲಿ ಎಫ್‌ಡಿ ಆಗಿ ಇರಲಿ, ಹೆಚ್ಚುಕಮ್ಮಿ ಅದೇ 60 ಸಾವಿರ. ಅತ್ತೆಯವರು ಆಸ್ಪತ್ರೆ ಸೇರಿದರೆ, ಯಜಮಾನರಿಗೆ ಒಂದು ತಿಂಗಳು ಸಂಬಳ ನಿಂತರೆ ಕಂತು ತಪ್ಪಬಾರದು. ಆಮೇಲೆ ಇನ್ನೊಂದು ಚೀಟಿ ಹಾಕಬೇಡಿ. ಓಣಿಯ ಪರಿಚಯದವರು ನಡೆಸುವ ಚೀಟಿಗೆ ನೋಂದಣಿ ಇಲ್ಲ ಎಂದಾದರೆ ದುಡ್ಡು ಮುಳುಗಿದ ದಿನ ಕೇಳುವುದಕ್ಕೆ ಕೈಯಲ್ಲಿ ಏನೂ ಇರುವುದಿಲ್ಲ. ಚೀಟಿಯ 3,000, ಉಳಿದ 2,500. ಇಗೋ, ನಿಮ್ಮ 5 ಸಾವಿರ ಬಂತು. ಯುಗಾದಿ ಮುಗಿದ ಮೇಲೆ ಶುರು ಮಾಡಿ.

ಅದನ್ನು ಮೊದಲು ಕಾರಿನ ಸಾಲಕ್ಕೆ ಕಟ್ಟುವುದು ಒಳ್ಳೆಯದು. ಹಳೇ ಕಾರಿನ ಸಾಲಕ್ಕೆ ಬಡ್ಡಿ ಮನೆ ಸಾಲಕ್ಕಿಂತ ಜಾಸ್ತಿ. ಆದರೆ ಅದರಲ್ಲಿ ಮೊದಲೇ ತೀರಿಸಿದರೆ ದಂಡ ಇದೆಯಾ ಎಂದು ಕಾಗದ ಓದಿ. ದಂಡ ದೊಡ್ಡದಿದ್ದರೆ ನೇರ ಮನೆ ಸಾಲಕ್ಕೇ ಹಾಕಿ. ಮನೆ ಸಾಲ ಫ್ಲೋಟಿಂಗ್, ಅಂದರೆ ಏರಿಳಿಯುವ ಬಡ್ಡಿಯದ್ದಾದ್ದರಿಂದ ಜಾಸ್ತಿ ಕಟ್ಟಿದ್ದಕ್ಕೆ ದಂಡ ಹಾಕುವಂತಿಲ್ಲ. ಪ್ರತಿ ಸಲ ಬರೆದು ಕೊಡಿ: "ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ." ಹೇಳದೇ ಇದ್ದರೆ ಕೆಲವರು ಕಂತು ಇಳಿಸಿಬಿಡುತ್ತಾರೆ, ಆಗ ಉಳಿತಾಯ ಅರ್ಧಕ್ಕರ್ಧ ಹೋಯಿತು.

ಸ್ಟೇಟ್‌ಮೆಂಟ್‌ನಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ನೀವು ಬ್ಯಾಂಕ್ ಬ್ಯಾಂಕ್ ಎಂದು ಬರೆದಿದ್ದೀರಿ, ಸಾಲ ಕೊಟ್ಟಿರುವುದು ಬ್ಯಾಂಕ್ ಅಲ್ಲ, ಗೃಹಸಾಲದ ಒಂದು ಖಾಸಗಿ ಕಂಪನಿ. ವ್ಯತ್ಯಾಸ ಇಲ್ಲಿದೆ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಹೊಸ ಫ್ಲೋಟಿಂಗ್ ಗೃಹಸಾಲವನ್ನು ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಅಂಥ ಹೊರಗಿನ ದರಕ್ಕೆ ಜೋಡಿಸಲೇಬೇಕು, ಮೂರು ತಿಂಗಳಿಗೊಮ್ಮೆಯಾದರೂ ಬಡ್ಡಿ ಸರಿಪಡಿಸಬೇಕು. ಇಂಥ ಕಂಪನಿಗಳಿಗೆ ಆ ನಿಯಮ ಇಲ್ಲ. 2025ರ ಫೆಬ್ರವರಿಯಿಂದ ಜೂನ್ ಒಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು 6.5ರಿಂದ 5.5ಕ್ಕೆ ಇಳಿಸಿತು. ನಿಮ್ಮ ಬಡ್ಡಿ 8.5ರಲ್ಲೇ ಕೂತಿದೆ. ಕಂಪನಿಗೆ ಹೋಗಿ ಬಡ್ಡಿ ಇಳಿಸಲು ಕೇಳಿ. ಸ್ವಲ್ಪ ಶುಲ್ಕ ತಗೊಂಡು ಇಳಿಸುವುದುಂಟು. ಒಪ್ಪದಿದ್ದರೆ ಎರಡು ಸರ್ಕಾರಿ ಬ್ಯಾಂಕಿನಲ್ಲಿ ವಿಚಾರಿಸಿ, ಸಾಲ ಅಲ್ಲಿಗೆ ವರ್ಗ ಮಾಡಬಹುದು. ಪ್ರೊಸೆಸಿಂಗ್ ಶುಲ್ಕ, ವಕೀಲರ ಅಭಿಪ್ರಾಯ, ಸ್ಟಾಂಪು ಎಲ್ಲ ಲೆಕ್ಕ ಹಾಕಿಯೇ ಮುಂದೆ ಹೋಗಿ. ಬಡ್ಡಿ 7.5ಕ್ಕೆ ಇಳಿದು, ನೀವು ಅದೇ 19,092 ಕಟ್ಟುತ್ತಾ ಹೋದರೂ 28 ಕಂತು ಕಡಿಮೆ. ಕಂತು ಇಳಿಸಿಕೊಡ್ತೇವೆ ಅಂತ ಆಸೆ ತೋರಿಸಿದರೆ ಬೇಡ ಅನ್ನಿ.

ಬಂಗಾರ ಮಾರುವ ವಿಷಯ. ಮಾರಲೇಬಾರದು ಎನ್ನುವ ವ್ರತ ನನಗಿಲ್ಲ. ಈಗಿನ ಬಾಕಿಗೆ ಒಂದು ಲಕ್ಷ ಒಟ್ಟಿಗೆ ಕಟ್ಟಿದರೆ 22 ಕಂತು ತಪ್ಪುತ್ತವೆ, ಅದೇನು ಸಣ್ಣದಲ್ಲ. ಆದರೆ ನಿಮ್ಮ ಮನೆಯಲ್ಲಿ ಇವತ್ತು ಆಪತ್ತಿಗೆ ಆಗುವುದು ಆ ಬಂಗಾರ ಒಂದೇ. ಎಫ್‌ಡಿ ಆಗಲಿ, ಒಂದು ಜೂನ್ ಬಳೆ ಅಡ ಇಡದೇ ದಾಟಲಿ. ಆಮೇಲೆ ಯೋಚಿಸಿ. ಮತ್ತೆ, ಆ ಬಂಗಾರ ನಿಮ್ಮದು. ತೀರ್ಮಾನವೂ ನಿಮ್ಮದೇ.

ತೋರಣಗಲ್ಲಿನ ಬಾಡಿಗೆ ಮನೆ ಲೆಕ್ಕಕ್ಕೆ ನಿಲ್ಲುವುದಿಲ್ಲ. ಅಲ್ಲಿ 12 ಸಾವಿರ ಕೇಳ್ತಾರೆ, ನಿಮ್ಮ ಮನೆಗೆ 8 ಸಾವಿರ ಬರುತ್ತೆ ಎಂದಿದ್ದೀರಿ. ಪೆಟ್ರೋಲ್ 10,400 ಉಳಿದರೂ ಬಾಡಿಗೆಯಲ್ಲಿ 4,000, ನಿಮ್ಮ ಸಂಬಳದ 13,000 ಹೋಗುತ್ತದೆ. ಅಲ್ಲೇ ನಿಮಗೆ ಕೆಲಸ ಸಿಕ್ಕರೆ ಮಾತು ಬೇರೆ.

ಭಾವನವರ ಟ್ಯಾಕ್ಸ್ ಮಾತು ನಿಮಗೆ ಅನ್ವಯಿಸುವುದಿಲ್ಲ. ನಿಮ್ಮ ಯಜಮಾನರ ವರ್ಷದ ಸಂಬಳ 5.28 ಲಕ್ಷ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬರುವುದಿಲ್ಲ. ಇಲ್ಲದ ತೆರಿಗೆ ಉಳಿಸಲು ಬಡ್ಡಿ ಕಟ್ಟಬೇಕಾ?

ಅತ್ತೆಯವರಿಗೆ ಬರುವ ಗೃಹಲಕ್ಷ್ಮಿಯ 2,000ವನ್ನು ನೀವು ಆದಾಯಕ್ಕೆ ಸೇರಿಸಿಲ್ಲ. ಹಾಗೇ ಇರಲಿ. ತಿಂಗಳು ತಪ್ಪಿ ಬರುವ ಹಣವನ್ನು ಕಂತಿಗೆ ನಂಬಬಾರದು. ಅದು ಅವರ ಕೈಖರ್ಚಿನ ದುಡ್ಡು ಕೂಡ.

ಅಕ್ಕಿಯ ವಿಷಯದಲ್ಲಿ ಒಂದು ಸಣ್ಣ ಮಾತು. ನೀವಿರುವುದು ಸಿರುಗುಪ್ಪ ರಸ್ತೆಯಲ್ಲಿ, ಸೋನಾ ಮಸೂರಿ ಬೆಳೆಯುವ ಊರಿನ ದಾರಿಯಲ್ಲಿ. ತಿಂಗಳಿಗೊಮ್ಮೆ 25 ಕೆ.ಜಿ. ಚೀಲವನ್ನು ಅಂಗಡಿಯಲ್ಲಿ ಉದ್ರಿ ತರುವುದು ನೋಡಿ ಬೇಜಾರಾಯಿತು. ಸುಗ್ಗಿ ಮುಗಿದ ಮೇಲೆ ರೈಸ್ ಮಿಲ್‌ನಲ್ಲಿ ಮೂರು ತಿಂಗಳದ್ದಾದರೂ ಒಟ್ಟಿಗೆ ತನ್ನಿ. ವರ್ಷದ ಅಕ್ಕಿ ಒಮ್ಮೆಲೇ ತರುವ ತ್ರಾಣ ಮುಂದೆ ಬರುತ್ತದೆ.

ಕೊನೆಗೆ ಮಗಳ ಬೇಡಿಕೆ, ಬೇಸಿಗೆಗೆ ಎ.ಸಿ. ಹಾಕಿಸಬೇಕಾ ಎಂದು ಕೇಳಿದ್ದೀರಿ. ಗೃಹಜ್ಯೋತಿಯಲ್ಲಿ ನಿಮ್ಮ ಕರೆಂಟ್ ಬಿಲ್ಲು ಸೊನ್ನೆ ಬರುತ್ತಿದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದೇ. ಎ.ಸಿ. ಗಂಟೆಗೆ ಒಂದು ಯೂನಿಟ್ ಎಳೆದರೂ ರಾತ್ರಿ ಏಳು ಗಂಟೆ ಓಡಿದರೆ ಅದೊಂದೇ 210 ಆಯಿತು. ಬಳ್ಳಾರಿಯ ಒಣ ಸೆಕೆಗೆ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಎ.ಸಿ.ಯ ಕಾಲುಭಾಗ ಕರೆಂಟೂ ಬೇಡ. ಮೇ ತಿಂಗಳವರೆಗೆ ಕಾಯದೆ ಚಳಿಗಾಲದಲ್ಲೇ ತಗೊಳ್ಳಿ, ಆಗ ಅಂಗಡಿಯವರೂ ಚೌಕಾಸಿಗೆ ಬಗ್ಗುತ್ತಾರೆ.