ಬಾಸ್ಮತಿ ಡಬ್ಬ ಮುಚ್ಚಿಡಿ

ಪ್ರಶ್ನೆ: ಅಕ್ಕಾ, ನನ್ನ ಮಗ ಮೈಸೂರಿನಲ್ಲಿ ಓದುವಾಗ ಅಫ್ಘಾನಿಸ್ತಾನದ ಗೆಳೆಯರ ರೂಮಿನಲ್ಲಿ ಕಿಚ್ರಿ ಕುರೂತ್ ತಿಂದಿದ್ದನಂತೆ. ಅಕ್ಕಿ, ಹೆಸರುಕಾಳು ಹಾಕಿ ಮಾಡುವುದು. ಮಾಡಿಕೊಡು ಅಂತ ಒಂದೇ ಹಟ. ಬಾಸ್ಮತಿಯಲ್ಲಿ ಮಾಡಿದೆ. ಅನ್ನ ಉದುರುದುರಾಯಿತು, ಕಾಳು ಬೇಯಲಿಲ್ಲ. ಮೊಸರು ಹಾಕಿ ಕುದಿಸಿದರೆ ಒಡೆದು ನೀರಾಯಿತು. ಎಲ್ಲಿ ತಪ್ಪಿತು? ಇಂಗಿನ ಒಗ್ಗರಣೆ ಕೊಡಬಹುದಾ? ನಾವು ಮಾಂಸ ತಿನ್ನುವುದಿಲ್ಲ.
– ಓದುಗರು, ಹಾಸನ

ಉತ್ತರ: ಅಫ್ಘಾನಿ ಅನ್ನ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಕಾಬೂಲಿ ಪಲಾವ್. ಉದ್ದ ಅಕ್ಕಿ, ಕ್ಯಾರೆಟ್, ಒಣದ್ರಾಕ್ಷಿ. ಅದಕ್ಕೇ ನೀವೂ ಬಾಸ್ಮತಿ ತೆಗೆದಿರಿ. ಕಿಚ್ರಿ ಆ ಜಾತಿಯದಲ್ಲ. ಇದಕ್ಕೆ ಅವರು ಗಿಡ್ಡ ಅಕ್ಕಿ ಹಾಕುತ್ತಾರೆ. ಅನ್ನ ಸೌಟಿಗೆ ಮೆತ್ತಿಕೊಳ್ಳಬೇಕು. ಇಲ್ಲಿ ಚಿಕ್ಕಮಗಳೂರಿನಲ್ಲಿ ನಾನು ಹೊಸ ಸೋನಾ ಮಸೂರಿ ಹಾಕುತ್ತೇನೆ. ‘ಹೊಸ ಅಕ್ಕಿ ಕೊಟ್ಟಿದ್ದೀರಿ, ಮುದ್ದೆಯಾಗುತ್ತೆ’ ಅಂತ ಅಂಗಡಿಯಲ್ಲಿ ಜಗಳ ಆಡುತ್ತೇವಲ್ಲ, ಅದೇ ಅಕ್ಕಿ ಇದಕ್ಕೆ ಹೇಳಿ ಮಾಡಿಸಿದ್ದು. ಗದ್ದೆಯ ದಪ್ಪಕ್ಕಿ ಇದ್ದರೆ ಇನ್ನೂ ಒಳ್ಳೆಯದು. ಕುಚ್ಚಲಕ್ಕಿ ಬೇಡ.

2 ಲೋಟ ಅಕ್ಕಿಗೆ ಮುಕ್ಕಾಲು ಲೋಟ ಹೆಸರುಕಾಳು. ಬೇಳೆಯಲ್ಲ, ಹಸಿರು ಸಿಪ್ಪೆಯದು. ಈರುಳ್ಳಿ ಕೆಂಪಗೆ ಹುರಿದು, ಮೊದಲು ಕಾಳೊಂದನ್ನೇ ನೀರು ಹಾಕಿ ಬೇಯಿಸಿ. ಉಗುರಿಗೆ ಸಿಕ್ಕಾಗ ಅಕ್ಕಿ, ಉಪ್ಪು, ಚಿಟಿಕೆ ಅರಿಸಿನ ಹಾಕಿ. ನೀರು ಧಾರಾಳವಾಗಿರಲಿ, ಉರಿ ಸಣ್ಣದಿರಲಿ. ಕುಕ್ಕರ್ ಕೂಗಿಸಬೇಡಿ, ಕಾಳು ಕರಗಿ ಪೊಂಗಲ್ ಆಗುತ್ತೆ.

ಇನ್ನು ಕುರೂತ್. ಇದೇ ಈ ಅಡುಗೆಯ ಜೀವ. ಉಪ್ಪು ಬೆರೆಸಿ, ನೀರು ಬಸಿದ ಮೊಸರನ್ನು ಉಂಡೆ ಕಟ್ಟಿ ಕಲ್ಲಿನಂತೆ ಒಣಗಿಸಿಟ್ಟಿರುತ್ತಾರೆ. ಬೇಕಾದಾಗ ಬಿಸಿನೀರಿನಲ್ಲಿ ನೆನೆಸಿ, ಒರಟು ಮಣ್ಣಿನ ಪಾತ್ರೆಯ ತಳಕ್ಕೆ ಉಜ್ಜಿ ಉಜ್ಜಿ ಕರಗಿಸುತ್ತಾರೆ. ಆ ಹುಳಿ ತಾಜಾ ಮೊಸರಿಗೆ ಎಲ್ಲಿಂದ ಬರಬೇಕು? ಎರಡು ದಿನದ ಹುಳಿ ಮೊಸರನ್ನು ರಾತ್ರಿ ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ. ಬೆಳಿಗ್ಗೆ ಜಜ್ಜಿದ ಬೆಳ್ಳುಳ್ಳಿ, ಸ್ವಲ್ಪ ಜಾಸ್ತಿಯೇ ಅನ್ನಿಸುವಷ್ಟು ಉಪ್ಪು, ಸೌಟಿನಿಂದ ಸುರಿಯುವಷ್ಟು ನೀರು ಸೇರಿಸಿ ಕಡೆಯಿರಿ. ಆಯಿತು. ಈ ಮೊಸರು ಒಲೆಯ ಮುಖ ನೋಡಬಾರದು. ಫ್ರಿಜ್ಜಿನಿಂದ ತೆಗೆದು ತಣ್ಣಗೆ ಸುರಿಯುವುದೂ ಬೇಡ.

ಅನ್ನವನ್ನು ತಟ್ಟೆಯಲ್ಲಿ ಗುಡ್ಡೆ ಮಾಡಿ, ನಡುವೆ ಗುಳಿ ತೋಡಿ ಮೊಸರು ತುಂಬಿ. ಮೇಲೆ ಒಣ ಪುದೀನದ ಎಣ್ಣೆ. ಈ ಮಳೆಯಲ್ಲಿ ಪುದೀನ ಬಿಸಿಲಿಗೆ ಒಣಗುವ ಮಾತೇ ಇಲ್ಲ, ಅಲ್ವಾ? ಬಾಣಲೆ ಕಾಯಿಸಿ, ಒಲೆ ಆರಿಸಿ, ಎಲೆ ಹರಡಿ. ಕೈಯಲ್ಲಿ ಪುಡಿಯಾದರೆ ಸಾಕು. ಎಣ್ಣೆಯನ್ನೂ ಕಾಯಿಸಿ ಇಳಿಸಿದ ಮೇಲೆಯೇ ಪುದೀನ ಹಾಕಿ, ಚುರ್ ಅಂದ ತಕ್ಷಣ ಸುರಿಯಿರಿ. ಒಲೆಯ ಮೇಲಿದ್ದಾಗ ಹಾಕಿದರೆ ಕರ್ರಗಾಗಿ ಕಹಿಯಾಗುತ್ತೆ.

ಅವರು ಜೊತೆಗೆ ಮಾಂಸದುಂಡೆ ಇಡುತ್ತಾರೆ. ನೀವು ಬದನೆಕಾಯಿ ಹುರಿದು ಇಡಿ. ಹುರಿದ ಬದನೆಗೆ ಬೆಳ್ಳುಳ್ಳಿ ಮೊಸರು ಹಾಕಿ ತಿನ್ನುವುದು ಅವರಲ್ಲೂ ಇದೆ.

ಇಂಗು ಬೇಡ. ನಮ್ಮ ದೇಶಕ್ಕೆ ಇಂಗು ಆ ಕಡೆಯಿಂದ ಬರುತ್ತೆ, ನಿಜ. ಅಲ್ಲಿ ಚಳಿಗಾಲಕ್ಕೆ ಒಣಗಿಸುವ ಮಾಂಸಕ್ಕೆ ಅದನ್ನು ಸವರುತ್ತಾರೆ. ಕಿಚ್ರಿಗೆ ಹಾಕಿದರೆ ಪುದೀನದ ಘಮ ಸತ್ತೇ ಹೋಗುತ್ತೆ. ಸಾಸಿವೆ, ಕರಿಬೇವೂ ಬೇಡ. ಮಾರನೇ ದಿನ ಮಿಕ್ಕಿದ್ದಕ್ಕೆ ನಿಮಗೆ ಬೇಕಾದ ಒಗ್ಗರಣೆ ಕೊಟ್ಟುಕೊಳ್ಳಿ. ನಮ್ಮನೆಯಲ್ಲಿ ಇಂಗು, ಹಸಿಮೆಣಸಿನಕಾಯಿ ಎರಡೂ ಬೀಳುತ್ತೆ.