ಸಹಿ ಹಾಕಿದ ಮೇಲೆ ಚುನಾವಣೆ ಯಾವಾಗ?

ಪ್ರಶ್ನೆ: ನಮ್ಮ ಓಣಿಯ ರಾತ್ರಿ ಕಾವಲಿನ ಅಣ್ಣ ನೇಪಾಳದವರು. ಅವರ ದೇಶದಲ್ಲಿ ಕಾಡಿನಲ್ಲಿದ್ದು ಯುದ್ಧ ಮಾಡಿದವರೇ ಆಮೇಲೆ ಪ್ರಧಾನಿ ಆದರಂತೆ. ಬಂದೂಕು ಹಿಡಿದವರನ್ನು ಚುನಾವಣೆಗೆ ನಿಲ್ಲಿಸಿದರೆ ಶಾಂತಿ ಉಳಿಯುತ್ತಾ?
– ಪದವಿ ವಿದ್ಯಾರ್ಥಿನಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಅವರು ಹೇಳಿದ್ದು ನಿಜ ತಂಗಿ. ಮಾವೋವಾದಿಗಳ ನಾಯಕ ಪ್ರಚಂಡ 2008ರಲ್ಲಿ ಪ್ರಧಾನಿ ಆದರು. ಆದರೆ ಚುನಾವಣೆ ಅಂದ ತಕ್ಷಣ ಶಾಂತಿ ಬರಲ್ಲ. ಯಾವಾಗ ಮಾಡ್ತೀರಿ, ಸೋತವರಿಗೆ ಏನು ಉಳಿಸ್ತೀರಿ ಅನ್ನೋದು ಮುಖ್ಯ.

ಆಫ್ರಿಕಾದ ಅಂಗೋಲಾ ನೋಡಿ. ಸರ್ಕಾರಕ್ಕೂ ಬಂಡುಕೋರರಿಗೂ 1991ರಲ್ಲಿ ಒಪ್ಪಂದ, 1992ರ ಸೆಪ್ಟೆಂಬರ್‌ನಲ್ಲಿ ಚುನಾವಣೆ. ಎರಡೂ ಕಡೆಯ ಸೈನ್ಯ ಇನ್ನೂ ಪೂರ್ತಿ ಚದುರಿರಲಿಲ್ಲ. ಅಧ್ಯಕ್ಷಗಿರಿ ಒಂದೇ ಕುರ್ಚಿ, ಗೆದ್ದವರಿಗೆ ಎಲ್ಲಾ. ಮೊದಲ ಸುತ್ತಿನಲ್ಲಿ ಹಿಂದೆ ಬಿದ್ದ ಬಂಡುಕೋರ ನಾಯಕ ಸಾವಿಂಬಿ ಫಲಿತಾಂಶ ಒಪ್ಪದೆ ಮತ್ತೆ ಯುದ್ಧಕ್ಕೆ ಹೋದ. ಆ ಯುದ್ಧ ಮುಗಿದಿದ್ದು 2002ರಲ್ಲಿ, ಅವನು ಸತ್ತ ಮೇಲೆ. ನಮ್ಮ ಕಡೆ ಗ್ರಾಮ ಪಂಚಾಯ್ತಿ ಚುನಾವಣೆ ಸೋತವರೇ ಗೆದ್ದವರ ಮನೆ ಮದುವೆಗೆ ಹೋಗಲ್ಲ, ಇನ್ನು ಹಿಂದೆ ಒಂದು ಸೈನ್ಯವೇ ಇದ್ದರೆ ಸುಮ್ನೆ ಕೂಡ್ತಾರಾ?

ಇದನ್ನು ನೋಡಿಯೇ ಆಫ್ರಿಕಾದ ಇನ್ನೊಂದು ದೇಶ ಮೊಜಾಂಬಿಕ್‌ನಲ್ಲಿ ವಿಶ್ವಸಂಸ್ಥೆಯವರು ಹುಷಾರಾದರು. 1992ರ ಅಕ್ಟೋಬರ್‌ನಲ್ಲಿ ಒಪ್ಪಂದ ಆದರೂ, ಮೊದಲು ಸೈನಿಕರನ್ನು ಮನೆಗೆ ಕಳಿಸಿ ಅಂತ ಹಟ ಹಿಡಿದರು. ಚುನಾವಣೆ ನಡೆದಿದ್ದು 1994ರಲ್ಲಿ. ಬಂಡುಕೋರರ ಪಕ್ಷ ರೆನಾಮೊ ಸೋತಿತು, ಆದರೆ 250ರಲ್ಲಿ 112 ಸೀಟು ಸಿಕ್ಕವು. ಸಂಸತ್ತಿನಲ್ಲಿ ಜಾಗ ಇತ್ತು ಅಂತ ಕೂತರು. ಹಾಗಂತ ಎಲ್ಲಾ ಚಂದ ಆಯ್ತು ಅನ್ನಲ್ಲ, 2013ರಲ್ಲಿ ಅಲ್ಲಿ ಮತ್ತೆ ಗುಂಡಿನ ಸದ್ದು ಕೇಳಿತು.

ನೇಪಾಳದ್ದು ಇನ್ನೂ ಗಟ್ಟಿ. ಹತ್ತು ವರ್ಷದ ಯುದ್ಧ, ಸುಮಾರು 17,000 ಸಾವು. 2006ರ ನವೆಂಬರ್ ಒಪ್ಪಂದ ಬರೀ ಯುದ್ಧ ನಿಲ್ಲಿಸೋ ಕಾಗದ ಅಲ್ಲ, ಹೊಸ ಸಂವಿಧಾನ ಬರೆಯೋಕೆ ಜನರೇ ಸಭೆಯನ್ನು ಆರಿಸಬೇಕು ಅನ್ನೋದೂ ಅದರೊಳಗೇ ಇತ್ತು. ಅಂದರೆ ಬಂದೂಕು, ಚುನಾವಣೆ ಅನ್ನೋ ನಿಮ್ಮ ಪ್ರಶ್ನೆಯ ಎರಡು ತುದಿಯನ್ನೂ ಒಂದೇ ಕಾಗದದಲ್ಲಿ ಕಟ್ಟಿದ್ದರು. ಮಾವೋವಾದಿ ಹೋರಾಟಗಾರರು ಶಿಬಿರ ಸೇರಿದರು. ಬಂದೂಕುಗಳನ್ನು ಕಂಟೇನರ್‌ನಲ್ಲಿಟ್ಟು ಬೀಗ ಹಾಕಿದರು. ಕೀಲಿ ಅವರ ಕೈಯಲ್ಲೇ, ಕಾವಲು ವಿಶ್ವಸಂಸ್ಥೆಯದು! ಸರ್ಕಾರದ ಸೈನ್ಯವೂ ಅಷ್ಟೇ ಶಸ್ತ್ರ ಒಳಗಿಡಬೇಕಿತ್ತು. ಚುನಾವಣೆ ಎರಡು ಸಲ ಮುಂದಕ್ಕೆ ಹೋಗಿ 2008ರ ಏಪ್ರಿಲ್‌ನಲ್ಲಿ ಆಯ್ತು, ಮಾವೋವಾದಿಗಳದ್ದೇ ದೊಡ್ಡ ಪಕ್ಷ.

ನನಗೆ ಇದಕ್ಕಿಂತ ದೊಡ್ಡದು ಅನ್ನಿಸೋದು 2013ರ ಚುನಾವಣೆ. ಮಾವೋವಾದಿಗಳು ಮೂರನೇ ಸ್ಥಾನಕ್ಕೆ ಬಿದ್ದರು. ಮೋಸ ಆಗಿದೆ ಅಂತ ಗಲಾಟೆ ಮಾಡಿದರು, ಆದರೆ ಕಾಡಿಗೆ ಹೋಗಲಿಲ್ಲ. ಅಷ್ಟರಲ್ಲಿ ಶಿಬಿರಗಳೂ ಖಾಲಿ ಆಗಿದ್ದವು ಅನ್ನಿ.

ಒಂದು ವಿಷಯದಲ್ಲಿ ಮಾತ್ರ ನೇಪಾಳದ ಒಪ್ಪಂದ ಸೋತಿದೆ. ಯುದ್ಧದಲ್ಲಿ ಕಾಣೆಯಾದವರ ವಿವರವನ್ನು 60 ದಿನದಲ್ಲಿ ಹೇಳ್ತೀವಿ ಅಂತ ಎರಡೂ ಕಡೆಯವರು ಬರೆದುಕೊಟ್ಟಿದ್ದರು. ಅದಕ್ಕೊಂದು ಆಯೋಗ ಬಂದಿದ್ದೇ 2015ರಲ್ಲಿ. ಅಷ್ಟೊತ್ತಿಗೆ ಎರಡು ಚುನಾವಣೆ ಮುಗಿದಿದ್ದವು.